ಬೀಡಿ ಬಿಟ್ಟ ಮೇಲೆ ಬಾಯಲ್ಲಿ ಹುಣ್ಣು: ಅಂಜಿಕೆ ಎಷ್ಟು, ಎಚ್ಚರ ಎಷ್ಟು?

ಇಳಕಲ್ಲಿನ ಚಿತ್ತರಗಿ ಶ್ರೀ ವಿಜಯಮಹಾಂತೇಶ ಸಂಸ್ಥಾನಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟಾಗ ಅವರು ಬೇಡಿದ್ದು ಭಕ್ತರ ದುಶ್ಚಟಗಳನ್ನು. ‘ಮಹಾಂತ ಜೋಳಿಗೆ’ ಎಂದೇ ನಾಡಿಗೆ ಪರಿಚಿತವಾದ ಆ ಜೋಳಿಗೆಗೆ ಬೀಡಿ, ತಂಬಾಕು, ಮದ್ಯಗಳ ಚಟವನ್ನು ಹಾಕಿ ಹಗುರಾದ ಕುಟುಂಬಗಳು ನಮ್ಮ ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯಲ್ಲಿಯೂ ಇವೆ. ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರವು ವ್ಯಸನಮುಕ್ತ ದಿನವಾಗಿ ಆಚರಿಸುತ್ತ ಬಂದಿದೆ.

ಚಟವನ್ನು ಜೋಳಿಗೆಗೆ ಹಾಕಿದ ದಿನದ ಸಂಭ್ರಮವನ್ನು ಎಲ್ಲರೂ ಕಾಣುತ್ತಾರೆ. ಅದಾದ ಹತ್ತನೆಯ ದಿನ ಆ ಭಕ್ತನ ಮನೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ವಿಚಾರಿಸುವವರು ವಿರಳ. ಈ ಲೇಖನ ಆ ಹತ್ತನೆಯ ದಿನವನ್ನು ಕುರಿತದ್ದು.

ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿಯುವ ಒಬ್ಬರನ್ನು ಊಹಿಸಿಕೊಳ್ಳೋಣ. ಇಪ್ಪತ್ತು ವರ್ಷ ಬೀಡಿ ಸೇದಿದವರು, ಮನೆಯವರ ಮಾತಿಗೆ ಓಗೊಟ್ಟು ಒಂದು ಸೋಮವಾರ ಬಿಟ್ಟರು. ಎರಡನೆಯ ವಾರ ಕೆಳದುಟಿಯ ಒಳಭಾಗದಲ್ಲಿ ಒಂದು ಹುಣ್ಣು ಎದ್ದಿತು. ಮರುದಿನ ನಾಲಿಗೆಯ ಅಂಚಿನಲ್ಲಿ ಇನ್ನೊಂದು. ರೊಟ್ಟಿಯೊಡನೆ ಹಿಂಡಿ ಖಾರ ಮುಟ್ಟಿದರೆ ಕಣ್ಣಲ್ಲಿ ನೀರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲಿನ ಬೆಳಕನ್ನು ಬಾಯೊಳಗೆ ಬಿಟ್ಟು, ಕನ್ನಡಿ ಹಿಡಿದು ನೋಡುತ್ತಾರೆ. ಬೀಡಿಯ ಕಟ್ಟಿನ ಮೇಲೆ ಅಚ್ಚಾಗಿದ್ದ ಆ ಭೀಕರ ಚಿತ್ರ ನೆನಪಾಗುತ್ತದೆ.

ಇಲ್ಲಿಂದ ಎರಡು ತಪ್ಪು ದಾರಿಗಳು ಒಡೆಯುತ್ತವೆ. ‘ಸೇದುವಾಗ ಏನೂ ಇರಲಿಲ್ಲ, ಬಿಟ್ಟಿದ್ದಕ್ಕೇ ಹೀಗಾಯಿತು’ ಎಂದು ಮತ್ತೆ ಬೀಡಿ ಹಚ್ಚುವುದು ಒಂದು. ‘ಕ್ಯಾನ್ಸರ್ ಎಂದುಬಿಟ್ಟರೆ ಗತಿಯೇನು’ ಎಂಬ ಅಂಜಿಕೆಯಿಂದ ಯಾರಿಗೂ ಹೇಳದೆ, ವೈದ್ಯರಿಗೂ ತೋರಿಸದೆ ತಿಂಗಳುಗಟ್ಟಲೆ ಮುಚ್ಚಿಡುವುದು ಇನ್ನೊಂದು. ಎರಡಕ್ಕೂ ಕಾರಣ ತಿಳಿವಳಿಕೆಯ ಕೊರತೆ.

ಧೂಮಪಾನ ಬಿಟ್ಟ ಮೊದಲ ವಾರಗಳಲ್ಲಿ ಬಾಯಿ ಹುಣ್ಣು ಏಳುವುದು ಸಾಮಾನ್ಯ. ಇಂಗ್ಲೆಂಡಿನ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬಿಟ್ಟವರ ಪೈಕಿ ಸುಮಾರು ಐವರಲ್ಲಿ ಇಬ್ಬರಿಗೆ ಹುಣ್ಣು ಕಾಣಿಸಿಕೊಂಡಿತ್ತು. ಬಹುತೇಕ ಮೊದಲ ಎರಡು ವಾರಗಳಲ್ಲಿಯೇ. ಹೊಗೆಯ ಬಿಸಿಗೂ ರಾಸಾಯನಿಕಗಳಿಗೂ ಒಗ್ಗಿಕೊಳ್ಳಲು ಬಾಯಿಯ ಒಳಪೊರೆ ತನ್ನ ಮೇಲ್ಪದರವನ್ನು ದಪ್ಪವಾಗಿಸಿಕೊಂಡಿರುತ್ತದೆ. ಗುದ್ದಲಿ ಹಿಡಿದ ಕೈಗೆ ಗಟ್ಟಿ ಚರ್ಮ ಬರುವಂತೆ ಇದು. ಹೊಗೆ ನಿಂತ ಮೇಲೆ ಆ ದಪ್ಪ ಪದರ ಕರಗಿ ಮೂಲದ ಮೃದು ಪೊರೆ ಮರಳುತ್ತದೆ. ನಿಕೋಟಿನ್ ತಡೆಹಿಡಿದಿದ್ದ ಉರಿಯೂತವೂ ಕೆಲಕಾಲ ತಲೆಯೆತ್ತುತ್ತದೆ ಎಂದು ವೈದ್ಯರು ಭಾವಿಸುತ್ತಾರೆ. ಹೀಗೆ ಏಳುವ ಹುಣ್ಣು ಸಾಮಾನ್ಯವಾಗಿ ಚಿಕ್ಕದು, ದುಂಡಗಿನದು. ತಳದಲ್ಲಿ ಹಳದಿ ಮಿಶ್ರಿತ ಬಿಳುಪು, ಸುತ್ತ ಕೆಂಪು ಉಂಗುರ. ಮುಟ್ಟಿದರೆ ಮೆತ್ತಗಿದ್ದು ಬಹಳ ನೋಯುತ್ತದೆ. ಒಂದೊಂದು ಹುಣ್ಣು ಏಳರಿಂದ ಹದಿನಾಲ್ಕು ದಿನಗಳಲ್ಲಿ ಮಾಯುತ್ತದೆ.

ನೋವಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನೋಯುವುದೇ ಅಪಾಯದ ಗುರುತು ಎಂದು ಜನ ತಿಳಿದಿದ್ದಾರೆ. ಬಾಯಿ ಕ್ಯಾನ್ಸರ್ ವಿಷಯದಲ್ಲಿ ಇದು ಅನೇಕ ವೇಳೆ ತಲೆಕೆಳಗು. ಆರಂಭದ ಕ್ಯಾನ್ಸರ್ ಹಲವರಿಗೆ ನೋಯುವುದೇ ಇಲ್ಲ. ಆದ್ದರಿಂದಲೇ ಅದು ತಿಂಗಳುಗಟ್ಟಲೆ ಅಲಕ್ಷ್ಯಕ್ಕೆ ಒಳಗಾಗುತ್ತದೆ. ಖಾರ ತಾಗಿ ಜೀವ ಹೋಗುವಂತೆ ಉರಿಯುವ ಹೊಸ ಹುಣ್ಣಿಗಿಂತ, ಉರಿಯದೆ ನೋಯದೆ ಕೂತಿರುವ ಹಳೆಯ ಗಾಯಕ್ಕೆ ಹೆಚ್ಚು ಅಂಜಬೇಕು.

ಕನ್ನಡಿ ಹಿಡಿದವರನ್ನು ಹೆದರಿಸುವ ಇನ್ನೂ ಕೆಲವು ಸಂಗತಿಗಳಿವೆ. ಇಪ್ಪತ್ತು ವರ್ಷ ಬಾಯೊಳಗೆ ನೋಡದವರು ಈಗ ನೋಡಿದಾಗ ಎಲ್ಲವೂ ಗಂಟಾಗಿಯೇ ಕಾಣುತ್ತದೆ. ನಾಲಿಗೆಯ ಹಿಂಭಾಗದಲ್ಲಿ ಸಾಲಾಗಿರುವ ದೊಡ್ಡ ಗುಳ್ಳೆಗಳು ರುಚಿಯ ಮೊಗ್ಗುಗಳ ನೆಲೆ. ಹುಟ್ಟಿದಂದಿನಿಂದ ಅಲ್ಲಿಯೇ ಇವೆ. ಕೆನ್ನೆಯ ಒಳಗೆ ಮೇಲಿನ ದವಡೆ ಹಲ್ಲಿನ ಎದುರಿಗಿರುವ ಚಿಕ್ಕ ಉಬ್ಬು ಜೊಲ್ಲು ಹರಿಯುವ ಬಾಯಿ. ಎರಡೂ ಕೆನ್ನೆಗಳಲ್ಲಿ ಹಲ್ಲುಗಳು ಕೂಡುವ ಮಟ್ಟಕ್ಕೆ ಸರಿಯಾಗಿ ಓಡುವ ತೆಳು ಬಿಳಿ ಗೆರೆ, ಹಲ್ಲಿನ ಒತ್ತಡದ ಗುರುತು. ಕೆಳದವಡೆಯ ಒಳಬದಿಯಲ್ಲಿ ಕೆಲವರಿಗೆ ಕಲ್ಲಿನಂತಹ ಎಲುಬಿನ ಉಬ್ಬು ಇರುವುದುಂಟು. ಎಡಬಲಗಳಲ್ಲಿ ಒಂದೇ ರೀತಿ ಇದ್ದರೆ ಅದು ಹೆಚ್ಚಾಗಿ ದೇಹದ ಸಹಜ ರಚನೆಯೇ ಆಗಿರುತ್ತದೆ.

ಬಿಟ್ಟ ಮೊದಲ ದಿನಗಳಲ್ಲಿ ಮನಸ್ಸೂ ತನ್ನ ಸಮತೋಲದಲ್ಲಿರುವುದಿಲ್ಲ. ನಿಕೋಟಿನ್ ಸಿಗದ ಮಿದುಳು ಸಿಡುಕು, ನಿದ್ರಾಭಂಗ, ಕಾರಣವಿಲ್ಲದ ಕಳವಳಗಳನ್ನು ತರುತ್ತದೆ. ಮೊದಲ ವಾರದಲ್ಲಿ ಇದರ ಬಿರುಸು ಹೆಚ್ಚು. ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತದೆ. ಆ ಕಳವಳಕ್ಕೆ ಒಂದು ಹುಣ್ಣು ಸಿಕ್ಕಿತೆಂದರೆ ಅದೇ ಜಗತ್ತಾಗುತ್ತದೆ. ದಿನಕ್ಕೆ ಇಪ್ಪತ್ತು ಸಲ ನಾಲಿಗೆಯಿಂದ ತಡವುವುದು, ಬೆರಳಿನಿಂದ ಒತ್ತುವುದು ನಡೆಯುತ್ತದೆ. ಹಾಗೆ ಕೆದಕಿದ ಗಾಯ ಮಾಯುವುದು ತಡವಾಗಿ, ತಡವಾದುದೇ ಹೊಸ ಭಯಕ್ಕೆ ಕಾರಣವಾಗುತ್ತದೆ.

ಇದಕ್ಕೆ ಸರಳವಾದ ಉಪಾಯವೊಂದಿದೆ. ಹುಣ್ಣು ಕಂಡ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಒಂದು ಗುರುತು ಹಾಕಿರಿ. ಅಲ್ಲಿಂದ ಹದಿನಾಲ್ಕನೆಯ ದಿನಕ್ಕೆ ಇನ್ನೊಂದು. ನಡುವೆ ಬೆರಳು ಹಾಕಬೇಡಿರಿ. ಉಗುರುಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ, ಖಾರ ಕಡಿಮೆ ಮಾಡಿ, ರೊಟ್ಟಿಯನ್ನು ಹಾಲಿನಲ್ಲೋ ಮಜ್ಜಿಗೆಯಲ್ಲೋ ನೆನೆಸಿ ಉಣ್ಣಿರಿ. ಎರಡನೆಯ ಗುರುತಿನ ಹೊತ್ತಿಗೆ ಹುಣ್ಣು ಮಾಯ್ದಿದ್ದರೆ ಚಿಂತೆ ಬಿಡಿರಿ. ಮಾಯದಿದ್ದರೆ ಆ ವಾರವೇ ದಂತವೈದ್ಯರಿಗೋ ಕಿವಿ-ಮೂಗು-ಗಂಟಲಿನ ವೈದ್ಯರಿಗೋ ತೋರಿಸಿರಿ. ಮೂರನೆಯ ವಾರ ದಾಟಗೊಡಬೇಡಿರಿ.

ಕೆಲವು ಗುರುತುಗಳಿಗೆ ಹದಿನಾಲ್ಕು ದಿನ ಕಾಯುವುದೂ ಬೇಡ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತಲೂ ಮುಖ್ಯವಾಗಿ ಮಖಮಲ್ಲಿನಂತಹ ಕೆಂಪು ಮಚ್ಚೆ, ಅಂಚು ಗಟ್ಟಿಯಾಗಿ ಎದ್ದಿರುವ ಗಾಯ, ಕಾರಣವಿಲ್ಲದೆ ರಕ್ತ ಒಸರುವುದು, ತುಟಿ ಅಥವಾ ನಾಲಿಗೆ ಜೋಮು ಹಿಡಿಯುವುದು, ವಸಡು ಸರಿಯಿದ್ದೂ ಹಲ್ಲು ಅಲುಗಾಡುವುದು, ನುಂಗಲು ತೊಡಕು, ಕುತ್ತಿಗೆಯಲ್ಲಿ ನೋವಿಲ್ಲದ ಗಂಟು. ಬಾಯಿ ಎಷ್ಟು ತೆರೆಯುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕು: ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಟ್ಟಾಗ ಹಿಡಿಯಬೇಕು. ಹಿಡಿಯದಿದ್ದರೆ ಅದು ಹೆಚ್ಚಾಗಿ ಅಡಿಕೆಯ ಕೊಡುಗೆ.

ನಮ್ಮ ಭಾಗದಲ್ಲಿ ಹುಣ್ಣಿಗಿಂತ ದೊಡ್ಡ ಅಪಾಯ ಈ ಅಡಿಕೆಯ ಮಾತಿನಲ್ಲಿದೆ. ಬೀಡಿ ಬಿಟ್ಟೆ ಎಂದು ಹೆಮ್ಮೆಪಡುವವರು ಚಡಪಡಿಕೆ ತಾಳದೆ ಬಾಯಿಗೆ ಗುಟಕಾ, ಮಾವಾ, ಸುಣ್ಣದೊಡನೆ ತಿಕ್ಕಿದ ತಂಬಾಕು ಹಾಕಿಕೊಳ್ಳುವುದನ್ನು ಕಾಣುತ್ತೇವೆ. ಹೊಗೆ ಕಾಣದ್ದರಿಂದ ಮನೆಯವರಿಗೂ ಸಮಾಧಾನ. ಆದರೆ ಬಾಯಿ ಕ್ಯಾನ್ಸರ್ ಲೆಕ್ಕದಲ್ಲಿ ಇದು ಬಾಗಿಲಿನಿಂದ ಕಳುಹಿಸಿದ ಕಳ್ಳನನ್ನು ಹಿತ್ತಿಲಿನಿಂದ ಕರೆತಂದಂತೆ. 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 22.8ರಷ್ಟು ವಯಸ್ಕರು ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು, ಸೇದುವವರು ಶೇ. 8.8 ಇದ್ದರೆ ಜಗಿಯುವುದೇ ಮೊದಲಾದ ಹೊಗೆರಹಿತ ರೂಪದಲ್ಲಿ ಬಳಸುವವರು ಶೇ. 16.3. ಗುಟಕಾವನ್ನು ರಾಜ್ಯವು 2013ರಲ್ಲಿಯೇ ನಿಷೇಧಿಸಿದ್ದರೂ ಪಾನ್ ಮಸಾಲೆಯ ಚೀಟಿ ಒಂದು, ತಂಬಾಕಿನ ಚೀಟಿ ಇನ್ನೊಂದು ಎಂದು ಬೇರೆಬೇರೆಯಾಗಿ ಕೊಂಡು ಅಂಗೈಯಲ್ಲಿ ಕೂಡಿಸುವುದು ಎಲ್ಲರೂ ಬಲ್ಲ ಸಂಗತಿ. ತಂಬಾಕಿಲ್ಲದ ಅಡಿಕೆಯೂ ನಿರಪಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು 2004ರಲ್ಲಿ ಪ್ರಕಟಿಸಿದೆ. ನಿರಂತರ ಅಡಿಕೆಯಿಂದ ಕೆನ್ನೆಯ ಒಳಪೊರೆ ನಾರುಗಟ್ಟಿ ಬಿಗಿಯುತ್ತದೆ. ಹಾಗೆ ಬಿಗಿದ ಬಾಯಿ ಪೂರ್ತಿಯಾಗಿ ಮೊದಲಿನಂತಾಗುವುದು ಕಷ್ಟ. ಕಾರ್ಯಕ್ರಮಗಳ ತಾಂಬೂಲದ ತಟ್ಟೆಯನ್ನು ಕುರಿತು ಕಟುವಾಗಿ ನುಡಿಯಲು ನಮಗೂ ಸಂಕೋಚವಿದೆ. ಆದರೂ ಬೀಡಿ ಬಿಟ್ಟವರ ಮುಂದೆ ಆ ತಟ್ಟೆಯನ್ನು ಹಿಡಿಯದಿರುವುದು ಲೇಸು. ಅವರ ಬಾಯಿಗೆ ಏನಾದರೂ ಬೇಕೆನಿಸಿದಾಗ ಸೋಂಪು, ಏಲಕ್ಕಿ, ಒಣಶುಂಠಿ ಸಾಕು.

ಮಾಯದ ಎಲ್ಲ ಹುಣ್ಣೂ ಕ್ಯಾನ್ಸರ್ ಅಲ್ಲ. ಮುರಿದ ಹಲ್ಲಿನ ಮೊನೆ ದಿನವೂ ಒಂದೇ ಕಡೆ ಚುಚ್ಚುತ್ತಿದ್ದರೆ ಗಾಯ ಆರುವುದಿಲ್ಲ. ಮೊನೆ ಸವರಿದರೆ ಆರುತ್ತದೆ. ಮತ್ತೆ ಮತ್ತೆ ಹುಣ್ಣಾಗಿ ನಾಲಿಗೆ ಕೆಂಪಗೆ ನುಣುಪಾಗಿದ್ದರೆ ಬಿ12 ಜೀವಸತ್ವದ ಕೊರತೆ ಇರಬಹುದು. ಹಾಲು-ಮೊಸರೂ ಕಡಿಮೆಯಾದ ಶಾಕಾಹಾರಿ ಮನೆಗಳಲ್ಲಿ ಇದು ಅಪರೂಪವಲ್ಲ. ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ. ಗಣಿಯಲ್ಲಿ ದುಡಿಯುವವರಿಗೆ ಕೆಮ್ಮಿನ ಕುರಿತೂ ಒಂದು ಎಚ್ಚರಿಕೆ. ಧೂಮಪಾನ ಬಿಟ್ಟ ಮೇಲೆ ಕೆಲದಿನ ಕೆಮ್ಮು ಹೆಚ್ಚುವುದುಂಟು. ಆದರೆ ಕಲ್ಲಿನ ದೂಳಿನಲ್ಲಿ ವರ್ಷಗಟ್ಟಲೆ ಉಸಿರಾಡಿದವರು ಎರಡು ವಾರ ಮೀರಿದ ಕೆಮ್ಮನ್ನು ‘ಬಿಟ್ಟಿದ್ದರ ಕೆಮ್ಮು’ ಎಂದು ಕಡೆಗಣಿಸದೆ ಕಫ ಮತ್ತು ಎದೆಯ ಪರೀಕ್ಷೆ ಮಾಡಿಸಿಕೊಳ್ಳಬೇಕು.

ವೈದ್ಯರು ಸಂಶಯಪಟ್ಟರೆ ಗಾಯದಿಂದ ಕಾಳಿನಷ್ಟು ಮಾಂಸ ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಇದೇ ಬಯಾಪ್ಸಿ. ‘ಕತ್ತರಿ ಸೋಕಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ಮಾತು ಹಳ್ಳಿಹಳ್ಳಿಯಲ್ಲಿದೆ, ಅದಕ್ಕೆ ಆಧಾರವಿಲ್ಲ. ಹಟ್ಟಿಯ ಜನರಿಗೆ ಇದನ್ನು ವಿವರಿಸುವುದು ಸುಲಭ. ಮೇಲೆ ಬಂದ ಅದಿರನ್ನು ಕಣ್ಣಿನಿಂದ ನೋಡಿ ಟನ್ನಿಗೆ ಎಷ್ಟು ಗ್ರಾಂ ಚಿನ್ನವಿದೆ ಎಂದು ಎಂತಹ ಅನುಭವಿಯೂ ಹೇಳಲಾರ. ಮಾದರಿ ಪ್ರಯೋಗಾಲಯಕ್ಕೆ ಹೋಗಲೇಬೇಕು. ಗಾಯದ ವಿಷಯವೂ ಹಾಗೆಯೇ. ಪರೀಕ್ಷೆಯಾಗದೆ ‘ಅದೇ’ ಎಂದು ಅಳುವುದೂ ‘ಅದಲ್ಲ’ ಎಂದು ನಗುವುದೂ ಸಲ್ಲ.

ಮೊದಲ ಪರೀಕ್ಷೆಗೆ ದೂರ ಹೋಗಬೇಕಿಲ್ಲ. ಗಣಿ ಕಂಪನಿಯ ಆಸ್ಪತ್ರೆ, ಲಿಂಗಸುಗೂರಿನ ತಾಲ್ಲೂಕು ಆಸ್ಪತ್ರೆಗಳಿಂದ ಆರಂಭಿಸಬಹುದು. ಮುಂದಿನ ಹಂತಕ್ಕೆ ರಾಯಚೂರಿನ ರಿಮ್ಸ್ ಮತ್ತು ಅಲ್ಲಿನ ದಂತವೈದ್ಯಕೀಯ ಕಾಲೇಜುಗಳು, ಕ್ಯಾನ್ಸರ್ ಚಿಕಿತ್ಸೆಗೆ ಕಲಬುರಗಿಯ ಕಿದ್ವಾಯಿ ಕೇಂದ್ರ, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಗಳಿವೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಪಡಿತರ ಚೀಟಿ ಮತ್ತು ಆಧಾರ್ ಜೊತೆಗಿರಲಿ. ಕ್ಯಾನ್ಸರ್ ಎಂದೇ ತಿಳಿದುಬಂದರೂ ಆರಂಭದಲ್ಲಿ ಸಿಕ್ಕ ಗಾಯಕ್ಕೆ ಅನೇಕ ವೇಳೆ ಒಂದು ಶಸ್ತ್ರಚಿಕಿತ್ಸೆಯೇ ಸಾಕಾಗುತ್ತದೆ. ತಡವಾದಾಗ ದವಡೆಯ ಎಲುಬನ್ನೂ ತೆಗೆಯಬೇಕಾಗಬಹುದು.

ಬಾಯಿ ತೆರೆದು ನೋಡುವಂತಹ ಅಗ್ಗದ ಪರೀಕ್ಷೆಯೂ ಜೀವ ಉಳಿಸುತ್ತದೆ ಎಂಬುದಕ್ಕೆ ನೆರೆಯ ಕೇರಳದಲ್ಲಿ ಸಾಕ್ಷ್ಯ ದೊರೆತಿದೆ. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭವಾದ ದೊಡ್ಡ ಪ್ರಯೋಗವೊಂದರಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದು ಭಾಗದಷ್ಟು ತಗ್ಗಿತ್ತು. ನಮ್ಮಲ್ಲಿಯೂ 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತ.

ಬಿಟ್ಟದ್ದರ ಫಲ ನಿಧಾನವಾಗಿ ಕೈಗೂಡುತ್ತದೆ. ಬಾಯಿ-ಗಂಟಲಿನ ಕ್ಯಾನ್ಸರ್ ಅಪಾಯವು 5ರಿಂದ 10 ವರ್ಷಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅಲ್ಲಿಯವರೆಗೆ ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ, ಮನೆಯ ಅಂಗಳದ ಬೆಳಕಿನಲ್ಲಿ, ತುಟಿ, ಕೆನ್ನೆ, ನಾಲಿಗೆಯ ಎರಡೂ ಅಂಚು, ನಾಲಿಗೆಯ ಅಡಿ, ಅಂಗುಳಗಳನ್ನು ಒಮ್ಮೆ ನೋಡಿಕೊಂಡು ಕನ್ನಡಿ ಕೆಳಗಿಟ್ಟರೆ ಆಯಿತು. ಉಳಿದ ದಿನಗಳಲ್ಲಿ ನೋಡುವುದು ಬೇಡ.

ಪೂಜ್ಯರ ಮುಂದೆ ಮಾತು ಕೊಟ್ಟು ಮತ್ತೆ ಎಡವಿದವರಿಗೂ ಒಂದು ಮಾತು. ನಾಚಿಕೆಯಿಂದ ಮಠಕ್ಕೆ ಬರುವುದನ್ನೇ ಬಿಟ್ಟವರನ್ನು ಬಲ್ಲೆವು. ಹಲವು ಸಲ ಬಿಟ್ಟು ಹಿಡಿದ ಮೇಲೆಯೇ ಪೂರ್ತಿ ಬಿಟ್ಟವರು ಬಹಳ ಮಂದಿ. ಜೋಳಿಗೆಗೆ ಎರಡನೆಯ ಸಲ ಹಾಕಬಾರದೆಂಬ ನಿಯಮವಿಲ್ಲ. ನಿಕೋಟಿನ್ ಗಮ್ ಬಳಸುವವರು ಅದನ್ನು ಅಡಿಕೆಯಂತೆ ಅಗಿಯದೆ, ನಾಲ್ಕಾರು ಸಲ ಅಗಿದು ಕೆನ್ನೆಯ ಬದಿಗಿಟ್ಟುಕೊಳ್ಳಬೇಕು. ಇಲ್ಲವಾದರೆ ಅದರಿಂದಲೇ ಬಾಯಿ ಉರಿದೀತು. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಉಚಿತ ದೂರವಾಣಿ ಸಂಖ್ಯೆ 1800-112-356. ಕನ್ನಡದಲ್ಲಿಯೇ ಮಾತನಾಡಬಹುದು.