ರಕ್ತಪರೀಕ್ಷೆಯ ಚೀಟಿಯಲ್ಲಿ ‘ನಾರ್ಮಲ್’ ಎಂದರೇನು?



ಕರ್ನೂಲಿಗೋ ಗದ್ವಾಲಕ್ಕೋ ರಾಯಚೂರಿಗೋ ಹೋಗಿ ರಕ್ತ ಕೊಟ್ಟು ಬಂದವರು ಲ್ಯಾಬಿನ ಚೀಟಿ ಹಿಡಿದುಕೊಂಡು ನಮ್ಮ ಬಳಿಗೆ ಬರುವುದುಂಟು. ನಾವು ವೈದ್ಯರಲ್ಲ; ಆದರೆ ಚೀಟಿ ಇಂಗ್ಲಿಷಿನಲ್ಲಿರುವುದರಿಂದ ಓದಿ ಹೇಳಬೇಕಾಗುತ್ತದೆ. ಎಡಗಡೆ ಪರೀಕ್ಷೆಯ ಹೆಸರು, ನಡುವೆ ನಿಮ್ಮ ರಕ್ತದಲ್ಲಿ ಕಂಡ ಅಂಕಿ, ಬಲಗಡೆ ‘ಇಷ್ಟರಿಂದ ಇಷ್ಟರವರೆಗೆ’ ಎಂಬ ಇನ್ನೊಂದು ಅಂಕಿ. ನಿಮ್ಮ ಅಂಕಿ ಬಲಗಡೆಯ ಗೆರೆ ದಾಟಿದ್ದರೆ ಕಂಪ್ಯೂಟರು ಅದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತದೆ, ಇಲ್ಲವೇ ಪಕ್ಕದಲ್ಲಿ ಒಂದು ನಕ್ಷತ್ರ ಇಡುತ್ತದೆ. ಆ ನಕ್ಷತ್ರ ಕಂಡೊಡನೆ ಮನೆಮಂದಿಯ ಮುಖ ಬಾಡುತ್ತದೆ. ಅದೊಂದನ್ನೇ ನಂಬಿ ಸಾಲ ಮಾಡಿ ಹೈದರಾಬಾದಿಗೆ ಹೊರಟವರನ್ನು ಕಂಡಿದ್ದೇವೆ. ನಕ್ಷತ್ರವಿಲ್ಲವೆಂದು ನೆಮ್ಮದಿಯಿಂದ ಕುಳಿತು ಕಾಯಿಲೆಯನ್ನು ಬೆಳೆಯಗೊಟ್ಟವರೂ ಇದ್ದಾರೆ. ಬಲಗಡೆಯ ಆ ಅಂಕಿಯನ್ನು ಯಾರು ಬರೆದರು, ಯಾರನ್ನು ನೋಡಿ ಬರೆದರು ಎಂಬುದನ್ನು ಈ ಸಲ ತಿಳಿದುಕೊಳ್ಳೋಣ.

ಊರಿಗೆ ಹೊಸಬನೊಬ್ಬ ಬಂದು ‘ನಿಮ್ಮ ಜೋಳ ಎದೆಮಟ್ಟ ಬೆಳೆದಿದೆಯಲ್ಲ, ಇದು ಸರಿಯಾದ ಎತ್ತರವೋ?’ ಎಂದು ಕೇಳಿದರೆ ನೀವು ಹೌದು ಎಂದಾಗಲೀ ಅಲ್ಲ ಎಂದಾಗಲೀ ಥಟ್ಟನೆ ಹೇಳುವುದಿಲ್ಲ. ಎರೆಭೂಮಿಯೋ ಮಸಾರಿಯೋ, ಮುಂಗಾರಿಯೋ ಹಿಂಗಾರಿಯೋ, ಬಿತ್ತಿ ಎಷ್ಟು ದಿನವಾಯಿತು ಎಂದು ಕೇಳುತ್ತೀರಿ. ಅಂಥದೇ ಹೊಲದಲ್ಲಿ, ಅದೇ ತಳಿ, ರೋಗವಿಲ್ಲದೆ ಬೆಳೆದಾಗ ಎಷ್ಟೆತ್ತರ ಬರುತ್ತದೆಂಬ ಲೆಕ್ಕ ನಿಮ್ಮ ತಲೆಯಲ್ಲಿರುತ್ತದೆ. ರಕ್ತದ ವಿಷಯದಲ್ಲೂ ಹೀಗೆಯೇ. ಫಿನ್ಲೆಂಡ್ ದೇಶದ ಗ್ರಾಸ್‌ಬೆಕ್ ಮತ್ತು ಸಾರಿಸ್ ಎಂಬಿಬ್ಬರು 1969ರಲ್ಲಿ ‘ನಾರ್ಮಲ್’ ಎಂಬ ಮಾತು ಜನರನ್ನು ದಾರಿ ತಪ್ಪಿಸುತ್ತದೆ, ಅದರ ಬದಲು ‘ಹೋಲಿಕೆಯ ಅಂಕಿ’ ಎನ್ನೋಣ ಎಂದು ಸೂಚಿಸಿದರು. ವಿಜ್ಞಾನಿಗಳು ಒಪ್ಪಿಕೊಂಡರು. ನಮ್ಮ ಜನರ ಬಾಯಲ್ಲಿ ಮಾತ್ರ ಇಂದಿಗೂ ‘ನಾರ್ಮಲ್’ ಎಂದೇ ಉಳಿದಿದೆ.

ಈ ಹೋಲಿಕೆಯ ಅಂಕಿಯನ್ನು ಕಟ್ಟುವ ಕ್ರಮ ಹೀಗಿದೆ. ಮೊದಲು ಆರೋಗ್ಯವಂತರನ್ನು ಆರಿಸಬೇಕು. ಕಾಯಿಲೆಯವರು, ಔಷಧಿ ಸೇವಿಸುವವರು, ಬೀಡಿ ಸಿಗರೇಟು ಸೇದುವವರು, ಇತ್ತೀಚೆಗೆ ಆಪರೇಷನ್ ಆದವರು ಇವರನ್ನೆಲ್ಲ ಬಿಡಬೇಕು. ಗಂಡಸರು, ಹೆಂಗಸರು, ಮಕ್ಕಳು, ಗರ್ಭಿಣಿಯರು ಇವರ ರಕ್ತ ಒಂದೇ ರೀತಿ ಇರುವುದಿಲ್ಲವಾದ್ದರಿಂದ ವ್ಯತ್ಯಾಸ ಕಾಣುವ ಕಡೆ ಗುಂಪುಗಳನ್ನು ಬೇರೆಬೇರೆ ಮಾಡಬೇಕು. ಒಂದೊಂದು ಗುಂಪಿನಲ್ಲಿ ಕನಿಷ್ಠ 120 ಜನರಿರಬೇಕೆಂಬುದು ಅಂತಾರಾಷ್ಟ್ರೀಯ ನಿಯಮ. ಎಲ್ಲರ ರಕ್ತವನ್ನೂ ಒಂದೇ ಹೊತ್ತಿನಲ್ಲಿ, ಒಂದೇ ರೀತಿ ಕೂರಿಸಿ ತೆಗೆಯಬೇಕು. ಬಳಿಕ ಬಂದ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದರವರೆಗೆ ಸಾಲಾಗಿ ಬರೆದು, ಎರಡೂ ತುದಿಯಲ್ಲಿ ನೂರಕ್ಕೆ ಎರಡೂವರೆಯಂತೆ, ಅಂದರೆ 120ರಲ್ಲಿ ಸುಮಾರು ಮೂವರಂತೆ ಬಿಟ್ಟು, ನಡುವೆ ಉಳಿದವರ ಕೆಳಗಿನ ಮತ್ತು ಮೇಲಿನ ಅಂಕಿಯನ್ನು ಬರೆದುಕೊಳ್ಳುತ್ತಾರೆ. ಚೀಟಿಯ ಬಲಗಡೆ ಕಾಣುವುದು ಅದೇ.

ಇಲ್ಲೊಂದು ಸಂಗತಿಯನ್ನು ಗಮನಿಸತಕ್ಕದ್ದು. ತುದಿಯಲ್ಲಿ ಬಿಟ್ಟ ಆ ಮೂವರು ಮೂವರು ರೋಗಿಗಳಲ್ಲ. ಅವರೂ ಆರೋಗ್ಯವಂತರೆಂದೇ ಆರಿಸಲ್ಪಟ್ಟವರು. ಅಂದಮೇಲೆ ನೂರು ಆರೋಗ್ಯವಂತರಲ್ಲಿ ಐವರ ಚೀಟಿಯ ಮೇಲೆ ಯಾವ ರೋಗವೂ ಇಲ್ಲದೆ ನಕ್ಷತ್ರ ಬಿದ್ದೇ ಬೀಳುತ್ತದೆ. ಇದು ಒಂದು ಪರೀಕ್ಷೆಯ ಮಾತು. ಈಗ ‘ಫುಲ್ ಬಾಡಿ ಚೆಕಪ್’ ಎಂದು ಒಂದೇ ಸಲಕ್ಕೆ ಹತ್ತಾರು ಪರೀಕ್ಷೆ ಮಾಡಿಸುವ ಚಾಳಿ ಬಂದಿದೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ನೂರು ಮಂದಿ ಆರೋಗ್ಯವಂತರಿಗೆ ಮಾಡಿಸಿದರೆ, ಲೆಕ್ಕದ ಪ್ರಕಾರ ಸುಮಾರು 64 ಮಂದಿಗೆ ಎಲ್ಲಿಯೋ ಒಂದು ಕಡೆ ನಕ್ಷತ್ರ ಬರುತ್ತದೆ! ಅದರ ಬೆನ್ನು ಹತ್ತಿ ಮತ್ತಷ್ಟು ಪರೀಕ್ಷೆ, ಅದಕ್ಕೆ ಮತ್ತಷ್ಟು ದುಡ್ಡು. ಮೈಯಲ್ಲಿ ಯಾವ ತೊಂದರೆಯೂ ಇಲ್ಲದವರು ಹಬ್ಬದ ರಿಯಾಯಿತಿ ಎಂಬ ಜಾಹೀರಾತು ನೋಡಿ ಇದಕ್ಕೆ ದುಡ್ಡು ಸುರಿಯುವುದು ನಮಗಂತೂ ಸರಿಕಾಣುವುದಿಲ್ಲ.

ಸಣ್ಣ ಲ್ಯಾಬುಗಳು 120 ಜನರನ್ನು ಎಲ್ಲಿಂದ ತಂದಾವು? ಬಹಳ ಕಡೆ ರಾಸಾಯನಿಕದ ಪೆಟ್ಟಿಗೆಯೊಡನೆ ಬರುವ ಪುಸ್ತಿಕೆಯಲ್ಲಿ ಅಚ್ಚಾಗಿರುವ ಅಂಕಿಯನ್ನೇ ಚೀಟಿಗೆ ಇಳಿಸಿರುತ್ತಾರೆ. ಹಾಗೆ ಎರವಲು ತರುವುದು ತಪ್ಪಲ್ಲ, ಆದರೆ ತಂದದ್ದನ್ನು ಒರೆಗೆ ಹಚ್ಚಬೇಕು. ಅದಕ್ಕೂ ಒಂದು ಸುಲಭ ಕ್ರಮವಿದೆ. ಆ ಊರಿನ 20 ಆರೋಗ್ಯವಂತರ ರಕ್ತ ನೋಡಿ, ಇಬ್ಬರಿಗಿಂತ ಹೆಚ್ಚು ಜನ ಗೆರೆಯ ಹೊರಗೆ ಬೀಳದಿದ್ದರೆ ಆ ಅಂಕಿಯನ್ನು ಬಳಸಬಹುದು. ಒಂದೊಂದು ಲ್ಯಾಬಿನ ಯಂತ್ರವೂ ಬೇರೆಯಾದ್ದರಿಂದ ಕರ್ನೂಲಿನ ಚೀಟಿಯ ಅಂಕಿಯನ್ನು ರಾಯಚೂರಿನ ಚೀಟಿಯ ಗೆರೆಯೊಡನೆ ತಾಳೆ ನೋಡಬಾರದು. ಮಕ್ಕಳ ಚೀಟಿಯಲ್ಲಿ ದೊಡ್ಡವರ ಅಂಕಿ ಅಚ್ಚಾಗಿರುವುದೂ ಉಂಟು. ಆಲ್ಕಲೈನ್ ಫಾಸ್ಫಟೇಸ್ ಎಂಬುದು ಎಲುಬು ಬೆಳೆಯುವ ವಯಸ್ಸಿನಲ್ಲಿ ಸಹಜವಾಗಿಯೇ ಏರಿರುತ್ತದೆ. ಹುಡುಗನಿಗೆ ಲಿವರು ಕೆಟ್ಟಿತೆಂದು ತಾಯಂದಿರು ಅಳಬೇಕಾಗಿಲ್ಲ.

ಎಲ್ಲ ಗೆರೆಗಳೂ ಹೀಗೆಯೇ ಹುಟ್ಟಿದವಲ್ಲ. ಮಣ್ಣು ಪರೀಕ್ಷೆಯ ಕಾರ್ಡು ನಿಮ್ಮ ಮನೆಗಳಲ್ಲಿದೆ. ಸಾವಯವ ಇಂಗಾಲ ನೂರಕ್ಕೆ ಅರ್ಧಕ್ಕಿಂತ ಕೆಳಗಿದ್ದರೆ ‘ಕಡಿಮೆ’, ಮುಕ್ಕಾಲಿಗಿಂತ ಮೇಲಿದ್ದರೆ ‘ಹೆಚ್ಚು’ ಎಂದು ಅದರಲ್ಲಿರುತ್ತದೆ. ಒಳ್ಳೆಯ ಹೊಲಗಳನ್ನು ಸಾಲಾಗಿ ನಿಲ್ಲಿಸಿ ತುದಿ ಕತ್ತರಿಸಿ ಮಾಡಿದ ಗೆರೆ ಅದಲ್ಲ. ಯಾವ ಮಟ್ಟಕ್ಕಿಂತ ಕೆಳಗಿದ್ದರೆ ಗೊಬ್ಬರ ಹಾಕಿದ್ದು ಬೆಳೆಯಲ್ಲಿ ಕಾಣುತ್ತದೆ ಎಂಬುದನ್ನು ನೋಡಿ ಎಳೆದ ಗೆರೆ. ಸಕ್ಕರೆ ಕಾಯಿಲೆಯ ಗೆರೆಯೂ ಈ ಜಾತಿಯದು. ಬರಿಹೊಟ್ಟೆಯಲ್ಲಿ 126 ಎಂಬ ಅಂಕಿ ಆರೋಗ್ಯವಂತರ ಸಾಲಿನಿಂದ ಬಂದದ್ದಲ್ಲ. ಆ ಮಟ್ಟ ದಾಟಿದವರಲ್ಲಿ ಕಣ್ಣಿನ ನರಪೊರೆ ಕೆಡುವುದು ಹೆಚ್ಚೆಂದು ಕಂಡು, ಮೊದಲು 140 ಇದ್ದ ಗೆರೆಯನ್ನು 1997ರಲ್ಲಿ ಅಮೆರಿಕದ ತಜ್ಞರು ಕೆಳಗಿಳಿಸಿದರು. ಇಂಥ ಗೆರೆ ದಾಟಿದರೆ ‘ಐವರಲ್ಲಿ ನಾನೊಬ್ಬ’ ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ.

ಈಗ ಎಲ್ಲರೂ ‘ರಕ್ತ ಕಡಿಮೆ’ ಎಂದು ಹೇಳುವ ಹಿಮೋಗ್ಲೋಬಿನ್ ವಿಷಯಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲಿ ಒಂದು ಪಟ್ಟಿ ಕೊಟ್ಟಿತು: ಆರು ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ 11 ಗ್ರಾಂ, 6ರಿಂದ 14 ವರ್ಷದವರಿಗೂ ಹೆಂಗಸರಿಗೂ 12, ಗಂಡಸರಿಗೆ 13, ಇದಕ್ಕಿಂತ ಕೆಳಗಿದ್ದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇಂಥ ಗೆರೆಗಳನ್ನೇ ಹಿಡಿದು ತೆಲಂಗಾಣದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 70, ಹೆಂಗಸರಲ್ಲಿ ಸುಮಾರು 58 ಮಂದಿ ರಕ್ತಹೀನರೆಂದು ಹೇಳಿತು. ಹತ್ತರಲ್ಲಿ ಏಳು ಮಕ್ಕಳು! ನಮ್ಮ ಮಕ್ಕಳೆಲ್ಲ ಕಾಯಿಲೆಯವರೋ, ಅಥವಾ ಅಳತೆಗೋಲು ಬೇರೆಯವರದೋ?

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಮುಖ್ಯರು. ಭಾರತದ ಕಥೋಲಿಕ ಧರ್ಮಾಧ್ಯಕ್ಷರು 1963ರಲ್ಲಿ ಆರಂಭಿಸಿದ ಆ ಕಾಲೇಜಿನ ಹೆಸರು ನಿಮಗೆ ಹೊಸದಲ್ಲ. ಅಲ್ಲಿಯ ಡಾ. ಅನುರ ಕುರ್ಪಾಡ್, ಡಾ. ಟಿಂಕು ಥಾಮಸ್ ಅವರೂ ದೆಹಲಿಯ ಡಾ. ಹರ್ಷಪಾಲ್ ಸಿಂಗ್ ಸಚ್‌ದೇವ್ ಮೊದಲಾದವರೂ ಸೇರಿ ಮಾಡಿದ ಅಧ್ಯಯನ 2021ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಅಚ್ಚಾಯಿತು. ಹಳೆಯ ಪಟ್ಟಿಗೆ ಆಧಾರವಾಗಿದ್ದವರು ಬಹುಮಟ್ಟಿಗೆ ಯೂರೋಪು ಮತ್ತು ಉತ್ತರ ಅಮೆರಿಕದ ಜನ. ಇವರು 2016-18ರ ರಾಷ್ಟ್ರೀಯ ಪೋಷಣೆ ಸಮೀಕ್ಷೆಯಲ್ಲಿ ದೇಶದಾದ್ಯಂತ ತೆಗೆದಿದ್ದ 1ರಿಂದ 19 ವರ್ಷದವರ ರಕ್ತದ ಲೆಕ್ಕವನ್ನು ತೆಗೆದುಕೊಂಡರು. ಹಿಮೋಗ್ಲೋಬಿನ್ ಅಂಕಿ ಇದ್ದವರು 41,210 ಮಂದಿ. ಅವರಲ್ಲಿ ಕಬ್ಬಿಣ, ಫೋಲೇಟ್, ಬಿ12, ಎ ಅನ್ನಾಂಗ ಕಡಿಮೆ ಇದ್ದವರನ್ನು ಬಿಟ್ಟರು. ಮೈಯಲ್ಲಿ ಉರಿಯೂತ ಇದ್ದವರನ್ನು, ಹುಟ್ಟಿನಿಂದಲೇ ಹಿಮೋಗ್ಲೋಬಿನ್ ಬೇರೆ ಬಗೆಯದಾಗಿದ್ದವರನ್ನು, ಧೂಮಪಾನದ ಅಭ್ಯಾಸವಿದ್ದವರನ್ನೂ ಬಿಟ್ಟರು. ಜರಡಿಯಲ್ಲಿ ಉಳಿದವರು 8,087 ಮಂದಿ, ಐವರಲ್ಲಿ ಒಬ್ಬರು. ಆರೋಗ್ಯವಂತರನ್ನು ಹುಡುಕುವುದೇ ಎಷ್ಟು ಕಷ್ಟ ನೋಡಿ!

ಹೀಗೆ ಆರಿಸಿದವರಲ್ಲಿ ಕೆಳಗಿನ ಐದು ಶೇಕಡಾ ಎಲ್ಲಿ ಬರುತ್ತದೆಂದು ನೋಡಿದಾಗ, ಆ ಗೆರೆ ಎಲ್ಲ ವಯಸ್ಸಿನಲ್ಲೂ ವಿಶ್ವ ಆರೋಗ್ಯ ಸಂಸ್ಥೆಯ ಗೆರೆಗಿಂತ ಕೆಳಗೆ, ಹೆಚ್ಚಾಗಿ 1ರಿಂದ 2 ಗ್ರಾಂ ಕೆಳಗೆ ಬಂದಿತು. ಹಳೆಯ ಗೆರೆಯಂತೆ ಈ ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 30 ರಕ್ತಹೀನರು. ಹೊಸ ಗೆರೆಯಂತೆ ಸುಮಾರು 11. ರಕ್ತ ಅದೇ, ಮಕ್ಕಳು ಅವರೇ.

ರಕ್ತ ತೆಗೆಯುವ ಬಗೆಯಿಂದಲೂ ಅಂಕಿ ಬದಲಾಗುತ್ತದೆ. ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬೆರಳು ಚುಚ್ಚಿ ಹನಿ ತೆಗೆದರು, ಪೋಷಣೆ ಸಮೀಕ್ಷೆಯಲ್ಲಿ ತೋಳಿನ ನಾಳದಿಂದ ತೆಗೆದರು. ಬೆರಳನ್ನು ಹಿಂಡಿದರೆ ಮೈಯೊಳಗಿನ ನೀರಿನಂಶ ರಕ್ತಕ್ಕೆ ಬೆರೆತು ತೆಳುವಾಗುತ್ತದೆ. ಒಂದೇ ಕಾಲಮಾನದ ಈ ಎರಡು ಸಮೀಕ್ಷೆಗಳು ದೇಶದ ಪುಟ್ಟ ಮಕ್ಕಳ ರಕ್ತಹೀನತೆಯನ್ನು ಒಂದು 58ರ ಮೇಲೆಯೂ ಇನ್ನೊಂದು 41ರ ಆಸುಪಾಸಿನಲ್ಲೂ ತೋರಿಸಿದವು. ಅದಕ್ಕೆ ಇದೂ ಒಂದು ಕಾರಣವೆಂದು ತಜ್ಞರು ಹೇಳುತ್ತಾರೆ. ಬೆರಳಿನ ಪರೀಕ್ಷೆಯಲ್ಲಿ ಕಡಿಮೆ ಬಂದರೆ ನಾಳದ ರಕ್ತದಲ್ಲಿ ಇನ್ನೊಮ್ಮೆ ನೋಡಿಸುವುದು ಒಳ್ಳೆಯದು.

ಇಲ್ಲಿಗೆ ವಿಷಯ ತೀರ್ಮಾನವಾಯಿತೆಂದು ತಿಳಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2024ರ ಮಾರ್ಚಿನಲ್ಲಿ ತನ್ನ ಪಟ್ಟಿಯನ್ನು ಪರಿಷ್ಕರಿಸಿತು. ಆರು ತಿಂಗಳಿಂದ ಎರಡು ವರ್ಷದವರೆಗಿನ ಕೂಸುಗಳ ಗೆರೆಯನ್ನು 11ರಿಂದ 10.5ಕ್ಕೆ ಇಳಿಸಿತು, ಗರ್ಭದ ನಡುವಿನ ಮೂರು ತಿಂಗಳಿಗೂ 10.5 ಎಂದಿತು. ಆದರೆ ಒಂದೊಂದು ಜನಾಂಗಕ್ಕೆ ಒಂದೊಂದು ಗೆರೆ ಬೇಡ, ಎಲ್ಲರಿಗೂ ಒಂದೇ ಇರಲಿ ಎಂದೂ ಹೇಳಿತು. ಎರಡೂ ಕಡೆ ನ್ಯಾಯವಿದೆಯೆಂದು ನಮಗೆ ತೋರುತ್ತದೆ. ಪರದೇಶದ ಅಳತೆಗೋಲಿನಿಂದ ಗಟ್ಟಿಮುಟ್ಟಾದ ಹುಡುಗಿಗೆ ‘ರೋಗಿ’ ಎಂಬ ಹೆಸರು ಹಚ್ಚಿ, ಅವಳಿಗೆ ಬೇಡದ ಚುಚ್ಚುಮದ್ದು ಹಾಕಿಸುವುದು ಸರಿಯಲ್ಲ. ‘ಬಡವರ ರಕ್ತ ಇರುವುದೇ ಇಷ್ಟು’ ಎಂದು ಗೆರೆಯನ್ನು ಇಳಿಸುತ್ತ ಹೋದರೆ ಅದು ಇನ್ನೂ ದೊಡ್ಡ ಅನ್ಯಾಯ. ತಟ್ಟೆಯಲ್ಲಿ ಬೇಳೆ, ಸೊಪ್ಪು, ಮೊಟ್ಟೆ ಇಲ್ಲದ್ದನ್ನು ಹಾಗೆ ಮುಚ್ಚಿಹಾಕಿದಂತಾಗುತ್ತದೆ. ಗೆರೆ 11 ಇರಲಿ 10 ಇರಲಿ, 7ಕ್ಕಿಂತ ಕೆಳಗಿಳಿದ ಬಸುರಿಗೆ ಆ ಚರ್ಚೆಯಿಂದ ಏನೂ ಆಗಬೇಕಾಗಿಲ್ಲ. ಅವಳನ್ನು ಅದೇ ದಿನ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಗರ್ಭಿಣಿಯರಿಗೆ ಸರ್ಕಾರ ಕನಿಷ್ಠ 180 ದಿನ ಕೊಡುವ ಕಬ್ಬಿಣದ ಮಾತ್ರೆಯನ್ನು ಈ ಲೇಖನ ಓದಿ ಯಾರೂ ನಿಲ್ಲಿಸಕೂಡದು. ಮಾತ್ರೆಯನ್ನು ಚಹಾದ ಜೊತೆ ಮಾತ್ರ ನುಂಗಬೇಡಿ. ಚಹಾ ಕಬ್ಬಿಣವನ್ನು ಮೈಗೆ ಸೇರಗೊಡುವುದಿಲ್ಲ.

ಇನ್ನು ನಮ್ಮ ಹತ್ತಿ ಹೊಲಗಳ ಮಾತು. ಗದ್ವಾಲ ಸೀಮೆ ಬೀಜದ ಹತ್ತಿಗೆ ಹೆಸರಾದದ್ದು. ಎಣ್ಣೆ ಹೊಡೆಯುವ ಗಂಡಸರ ಮೈಮೇಲೆ ಮಾತ್ರವಲ್ಲ, ಕ್ರಾಸಿಂಗ್ ಕೆಲಸಕ್ಕೆ ದಿನವಿಡೀ ಸಾಲಿನಲ್ಲಿ ನಿಲ್ಲುವ ಹೆಣ್ಣುಮಕ್ಕಳ ಮೈಮೇಲೂ ಅದರ ಪರಿಣಾಮವಾಗುತ್ತದೆ. ಪ್ರೊಫೆನೊಫಾಸ್, ಅಸಿಫೇಟ್, ಕ್ಲೋರ್‌ಪೈರಿಫಾಸ್ ಮುಂತಾದ ವಿಷಗಳು ರಕ್ತದಲ್ಲಿರುವ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತವೆ. ಅದನ್ನು ಅಳೆಯುವ ಪರೀಕ್ಷೆಯೂ ಇದೆ. ಆದರೆ ಇಲ್ಲಿ ಬಲಗಡೆಯ ಅಂಕಿ ದೊಡ್ಡ ಮೋಸ ಮಾಡಬಲ್ಲದು. ಒಂದು ಲ್ಯಾಬಿನ ಗೆರೆ 5,000ದಿಂದ 12,000 ಎಂದಿಟ್ಟುಕೊಳ್ಳಿ. ಒಬ್ಬನ ಸಹಜ ಅಂಕಿ 11,000 ಇದ್ದು, ಎಣ್ಣೆ ಹೊಡೆದು ಹೊಡೆದು 6,000ಕ್ಕೆ ಇಳಿದರೆ ಅವನು ಹತ್ತಿರಹತ್ತಿರ ಅರ್ಧ ಕಳೆದುಕೊಂಡಂತೆ. ಚೀಟಿ ಮಾತ್ರ ‘ನಾರ್ಮಲ್’ ಎನ್ನುತ್ತದೆ! ಇನ್ನೊಬ್ಬನದು ಹುಟ್ಟಿನಿಂದಲೇ ಕಡಿಮೆ ಇರಬಹುದು. ನಮ್ಮ ಭಾಗದ ಆರ್ಯವೈಶ್ಯ ಸಮುದಾಯದ ಕೆಲವು ಮನೆತನಗಳಲ್ಲಿ ಈ ಕಿಣ್ವ ವಂಶಪಾರಂಪರ್ಯವಾಗಿ ತೀರ ಕಡಿಮೆ ಇರುವುದನ್ನು ವೈದ್ಯರು ಕಂಡುಕೊಂಡಿದ್ದಾರೆ. ಅಂಥವರು ಆಪರೇಷನ್ನಿಗೆ ಮುಂಚೆ ಅರಿವಳಿಕೆಯ ಡಾಕ್ಟರಿಗೆ ತಿಳಿಸಬೇಕಾದ ವಿಷಯವಿದು.

ಹೀಗಿರಲಾಗಿ ಈ ಪರೀಕ್ಷೆಯಲ್ಲಿ ಹೋಲಿಸಬೇಕಾದದ್ದು ಬೇರೆ 120 ಜನರೊಡನೆ ಅಲ್ಲ, ನಿಮ್ಮೊಡನೆಯೇ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1974ರಿಂದ ಇದೇ ಕಾನೂನು. ಕೂಲಿಯವನು ಎಣ್ಣೆ ಮುಟ್ಟುವ ಮೊದಲು ಅವನ ಸ್ವಂತ ಅಂಕಿಯನ್ನು ಬರೆದಿಟ್ಟುಕೊಳ್ಳುತ್ತಾರೆ. ಅದು ನೂರಕ್ಕೆ 80ಕ್ಕಿಂತ ಇಳಿದರೆ ಕೆಲಸದ ರೀತಿ ಎಲ್ಲಿ ತಪ್ಪಿದೆಯೆಂದು ಮಾಲೀಕ ನೋಡಬೇಕು. ಕೆಂಪುಕಣದ ಕಿಣ್ವ 70ಕ್ಕೆ ಅಥವಾ ಪ್ಲಾಸ್ಮಾದ ಕಿಣ್ವ 60ಕ್ಕೆ ಇಳಿದರೆ ಅವನನ್ನು ಆ ಕೆಲಸದಿಂದ ಬಿಡಿಸಲೇಬೇಕು. ಕೆಂಪುಕಣದ ಕಿಣ್ವ ಮತ್ತೆ ತುಂಬಿಕೊಳ್ಳುವುದು ದಿನಕ್ಕೆ ನೂರಕ್ಕೆ ಒಂದರಂತೆ ಮಾತ್ರ, ಹೊಸ ಕಣಗಳು ಹುಟ್ಟಿದಷ್ಟೇ. ನಮ್ಮಲ್ಲೂ ಇಂಥ ಎಣ್ಣೆ ಹೊಡೆಯುವ ಕೆಲಸಗಾರರ ರಕ್ತದ ಈ ಕಿಣ್ವವನ್ನು ಆಗಾಗ ಅಳೆಯಬೇಕೆಂದು ಕೀಟನಾಶಕ ನಿಯಮಗಳು ಹೇಳುತ್ತವೆ. ಸಾವಿರಾರು ಕೂಲಿಕಾರರು ದುಡಿಯುವ ಸೀಮೆಯಲ್ಲಿ ಅದು ಪಾಲನೆಯಾಗದಿದ್ದರೆ ಸಣ್ಣ ಕೊರತೆಯಲ್ಲ.

ನಾವಾಗಿಯೇ ಇಷ್ಟಾದರೂ ಮಾಡಬಹುದು. ಪ್ರತಿ ವರ್ಷ ಎಣ್ಣೆ ಹೊಡೆಯುವವರು ಮೇ ತಿಂಗಳಲ್ಲಿ, ಬಿತ್ತನೆಗೆ ಮುಂಚೆ, ಕಡೇ ಸಲ ಎಣ್ಣೆ ಮುಟ್ಟಿ ಕನಿಷ್ಠ 30 ದಿನ ಕಳೆದ ಮೇಲೆ, ಡಾಕ್ಟರಿಗೆ ಹೇಳಿ ಈ ಪರೀಕ್ಷೆ ಮಾಡಿಸಿ ಚೀಟಿಯನ್ನು ಜೋಪಾನವಾಗಿಡಿ. ಹಂಗಾಮಿನ ನಡುವೆ ಅದೇ ಲ್ಯಾಬಿನಲ್ಲಿ ಇನ್ನೊಮ್ಮೆ ಮಾಡಿಸಿ ಎರಡೂ ಚೀಟಿಗಳನ್ನು ಡಾಕ್ಟರ ಮುಂದಿಡಿ. ಬೆವರು ಕಿತ್ತುಬಂದು, ಬಾಯಲ್ಲಿ ಜೊಲ್ಲು ಸುರಿದು, ಕಣ್ಣು ಮಂಜಾಗಿ, ಮಾಂಸಖಂಡ ಅದುರತೊಡಗಿದರೆ ಮಾತ್ರ ಯಾವ ಚೀಟಿಗೂ ಕಾಯಬೇಡಿ. ಮೈಮೇಲಿನ ಬಟ್ಟೆ ತೆಗೆದು, ಸೋಪು ಹಚ್ಚಿ ಮೈ ತೊಳೆದು, ಎಣ್ಣೆಯ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ತಕ್ಷಣ ಆಸ್ಪತ್ರೆಗೆ ಹೊರಡಿ. ಡಬ್ಬಿಯ ಮೇಲಿನ ಹೆಸರು ನೋಡಿದರೆ ಡಾಕ್ಟರಿಗೆ ಯಾವ ಮದ್ದು ಕೊಡಬೇಕೆಂದು ಬೇಗ ತಿಳಿಯುತ್ತದೆ.