ಮರಕ್ಕೆ ರಾಳ ತುಂಬಿ ಗಟ್ಟಿಗೊಳಿಸುವ ವಿಧಾನ

ಶಿಲೀಂಧ್ರದಿಂದ ಗೆರೆ ಮೂಡಿದ ಮಾವಿನ ಮರವು ನೋಡಲು ಸುಂದರವಾಗಿದ್ದರೂ ಮೃದುವಾಗಿರುವುದರಿಂದ ಲೇತಿನಲ್ಲಿ ಕಡೆಯುವಾಗ ಸಿಬಿರೆದ್ದು ಒಡೆಯುತ್ತದೆ. ಇಂತಹ ಮರದ ರಂಧ್ರಗಳಲ್ಲಿ ಮೆಥಾಕ್ರಿಲೇಟ್ ರಾಳವನ್ನು ತುಂಬಿ ಗಟ್ಟಿಗೊಳಿಸಬಹುದು. ಬೀಟೆಯಂತಹ ಸಾಂದ್ರ ಮರಕ್ಕೆ ಇದು ಅನಗತ್ಯ. ರಾಳವು ಅದರೊಳಗೆ ಸುಲಭವಾಗಿ ಇಳಿಯುವುದೂ ಇಲ್ಲ.

ಈ ವಿಧಾನವು ವಿಫಲವಾಗುವುದು ಹೆಚ್ಚಾಗಿ ತೇವಾಂಶದಿಂದ. ನೆರಳಿನಲ್ಲಿ ಒಣಗಿದ ಮರದಲ್ಲಿಯೂ ಸಾಮಾನ್ಯವಾಗಿ ಶೇ. 10ಕ್ಕೂ ಹೆಚ್ಚು ತೇವಾಂಶ ಉಳಿದಿರುತ್ತದೆ. ತುಂಡುಗಳನ್ನು ಸುಮಾರು 105 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ತಣಿಸತಕ್ಕದ್ದು. ನಂತರ ರಾಳದಲ್ಲಿ ಮುಳುಗಿಸಿ, ಗುಳ್ಳೆಗಳು ನಿಲ್ಲುವವರೆಗೆ ನಿರ್ವಾತ ಪಂಪಿನಿಂದ ಗಾಳಿಯನ್ನು ಹೊರತೆಗೆಯಬೇಕು. ರಾಳವು ಒಳಸೇರುವುದು ಮುಖ್ಯವಾಗಿ ಪಂಪು ನಿಲ್ಲಿಸಿ ಗಾಳಿ ಒಳಬಿಟ್ಟ ಮೇಲೆ. ಆದುದರಿಂದ ಮರವನ್ನು ಕೂಡಲೇ ತೆಗೆಯದೆ ಹಲವು ಗಂಟೆ ನೆನೆಸುವುದು ಅಗತ್ಯ. ಬಳಿಕ ಸುಮಾರು 95 ಡಿಗ್ರಿ ಶಾಖದಲ್ಲಿ ರಾಳವು ಗಟ್ಟಿಯಾಗುತ್ತದೆ. ಅಡುಗೆಯ ಓವನ್ನನ್ನು ಇದಕ್ಕೆ ಬಳಸಬಾರದು. ಕಡೆಯುವಾಗ ಧೂಳು ತಡೆಯುವ ಮುಖಗವಸು ಧರಿಸತಕ್ಕದ್ದು.