ದತ್ತುಮಕ್ಕಳು ಮತ್ತು ಧರ್ಮೋಪದೇಶ

ಹೊಸಹೊಳಲಿನಂತಹ ಊರಿನಲ್ಲಿ ದತ್ತು ಬಹುಕಾಲ ಗುಟ್ಟಾಗಿ ಉಳಿಯದು. ತಂದೆತಾಯಿಗಳು ಹೇಳದ ಮಾತನ್ನು ಬೀದಿಯೇ ಹೇಳಿಬಿಡುತ್ತದೆ. ಅದೂ ಆಟದ ಜಗಳದಲ್ಲಿ, ‘ನೀನು ಸಾಕಿದವನು’ ಎಂಬ ಹೀಯಾಳಿಕೆಯಾಗಿ. ಆ ಮಾತು ಮೊದಲು ಮನೆಯಲ್ಲಿ, ಪ್ರೀತಿಯ ದನಿಯಲ್ಲಿ ಕೇಳಿಬರುವಂತೆ ಕುಟುಂಬಕ್ಕೆ ನೆರವಾಗುವುದು ಗುರುಗಳ ಕರ್ತವ್ಯ.

ಮೊದಲು ದತ್ತಿನ ನೆಲೆ ನಮಗೇ ಸ್ಪಷ್ಟವಾಗಿರಬೇಕು. 1956ರ ಹಿಂದೂ ದತ್ತಕ ಅಧಿನಿಯಮವು ಕ್ರೈಸ್ತರಿಗೆ ಅನ್ವಯಿಸದು. ಬಹುಕಾಲ ನಮ್ಮ ಕುಟುಂಬಗಳಿಗೆ 1890ರ ಕಾಯಿದೆಯ ಪಾಲಕತ್ವವಷ್ಟೇ ದೊರೆಯುತ್ತಿತ್ತು. ಈಗ 2015ರ ಬಾಲನ್ಯಾಯ ಅಧಿನಿಯಮದಡಿ ಯಾವ ಧರ್ಮದವರಾದರೂ ದತ್ತು ಪಡೆಯಬಹುದು. ಆದೇಶ ಜಾರಿಯಾದಂದಿನಿಂದ ಮಗು ಅವರದೇ ಮಗು. ಧರ್ಮಸಭೆಯ ಕಾನೂನು ಸಂಹಿತೆಯ 110ನೆಯ ವಿಧಿಯೂ ಹೀಗೆಯೇ ಎಣಿಸುತ್ತದೆ. 1094ನೆಯ ವಿಧಿಯು ದತ್ತಿನಿಂದ ಒಡಹುಟ್ಟಿದವರಾದವರ ನಡುವಿನ ವಿವಾಹವನ್ನು ನಿಷೇಧಿಸುತ್ತದೆ. ಹೀಗಿರುವಾಗ ‘ನಿಜವಾದ ಮಗ’, ‘ಸಾಕುಮಗ’ ಎಂಬ ಭೇದಕ್ಕೆ ದೇವಾಲಯದಲ್ಲಿ ಎಡೆಯಿಲ್ಲ.

ಸಂತ ಪೌಲರು ರೋಮನರಿಗೂ ಗಲಾತ್ಯರಿಗೂ ಎಫೆಸದವರಿಗೂ ಬರೆಯುವಾಗ ನಮ್ಮ ರಕ್ಷಣೆಯನ್ನು ‘ಹುಯೊಥೆಸಿಯಾ’ ಎಂದರು. ದತ್ತುಸ್ವೀಕಾರವೆಂದೇ ಅದರ ಅರ್ಥ. ದೇವರ ಮನೆಯಲ್ಲಿ ಜ್ಞಾನಸ್ನಾನ ಪಡೆದ ಎಲ್ಲರೂ ದತ್ತುಮಕ್ಕಳೇ. ಇದನ್ನು ಇಡೀ ತರಗತಿಗೆ ಕಲಿಸಿದರೆ, ದತ್ತು ಬಂದ ಮಗು ಅಲ್ಲಿ ಬೇರೆಯವನಾಗುವುದಿಲ್ಲ. ಯೇಸುವಿಗೆ ಹೆಸರಿಟ್ಟವರು ಸಂತ ಜೋಸೆಫರು ಎಂಬುದನ್ನೂ (ಮತ್ತಾಯ 1:25) ಮಕ್ಕಳಿಗೆ ನೆನಪಿಸಬಹುದು.

ಆದರೆ ಹೋಲಿಕೆಗೆ ಮಿತಿಯುಂಟು. ಪೌಲರು ದತ್ತನ್ನು ದಾಸತ್ವದ ಎದುರಿಗೆ ಇರಿಸುತ್ತಾರೆ. ನಾವು ಹೆತ್ತ ತಾಯಿಯನ್ನು ಆ ದಾಸತ್ವದ ಸ್ಥಾನದಲ್ಲಿ ನಿಲ್ಲಿಸಬಾರದು. ಮಗುವನ್ನು ‘ಉದ್ಧಾರಗೊಂಡವನು’ ಎನ್ನಲೂಬಾರದು. ಹಾಗೆಂದರೆ ಮಗು ಜೀವಮಾನವಿಡೀ ಋಣಿಯಾಗಿಯೇ ಉಳಿಯುತ್ತದೆ.

ಎಳೆಯರಿಗೆ ಚಿಕ್ಕ, ಸತ್ಯವಾದ ಮಾತು ಸಾಕು: ‘ಒಬ್ಬ ತಾಯಿ ನಿನ್ನನ್ನು ಹೆತ್ತಳು. ಅವಳಿಗೆ ನಿನ್ನನ್ನು ಸಾಕಲಾಗಲಿಲ್ಲ. ಅದು ನಿನ್ನ ತಪ್ಪಲ್ಲ. ನಾವು ನಿನ್ನ ಅಪ್ಪ ಅಮ್ಮ, ಎಂದೆಂದಿಗೂ.’ ‘ಪ್ರೀತಿ ಇದ್ದುದರಿಂದಲೇ ಕೊಟ್ಟಳು’ ಎನ್ನುವುದು ಅಪಾಯಕರ; ಪ್ರೀತಿಸುವವರು ಕೊಟ್ಟುಬಿಡುತ್ತಾರೆಂದು ಮಗು ಅಂಜೀತು. ದೇವಕಿ ಯಶೋದೆಯರ ಕಥೆ ಕೇಳಿ ಬೆಳೆದ ನಮ್ಮ ಹಳ್ಳಿಯ ಮಕ್ಕಳಿಗೆ ಇಬ್ಬರು ತಾಯಂದಿರ ಮಾತು ಅಪರಿಚಿತವಲ್ಲ.

ಅಜ್ಜಿಯ ಬಳಿ ಬೆಳೆಯುವವರೂ ಒಬ್ಬ ತಾಯಿಯ ಆಸರೆಯಲ್ಲಿರುವವರೂ ಅದೇ ತರಗತಿಯಲ್ಲಿರುತ್ತಾರೆ. ‘ನಿಮ್ಮ ತಂದೆತಾಯಿಯನ್ನು ಕರೆತನ್ನಿ’ ಎನ್ನುವ ಬದಲು ‘ನಿಮ್ಮ ಮನೆಯವರನ್ನು ಕರೆತನ್ನಿ’ ಎಂದರೆ, ಯಾವ ಮಗುವೂ ತಲೆತಗ್ಗಿಸಬೇಕಾಗಿಲ್ಲ.